ಹೆಚ್.ಐ.ವಿ. ಸೋಂಕಿತ ಸ್ತ್ರೀ-ಪುರುಷರ ಆರೋಗ್ಯದಲ್ಲಿ ಕಂಡುಬರುವ ವ್ಯತ್ಯಾಸಗಳು: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಹೆಚ್.ಐ.ವಿ. ವೈರಾಣುವು ಸ್ತ್ರೀ, ಪುರುಷ ಎಂಬ ಭೇದವಿಲ್ಲದೆ ಯಾರಿಗೆ ಬೇಕಾದರೂ ತಗಲಬಹುದಾಗಿದೆ. ಆದರೆ ಸೋಂಕು ತಗಲಿದ ನಂತರ ಅದು ಯಾವಾಗ ಪತ್ತೆಯಾಗುತ್ತದೆ, ಶರೀರದಲ್ಲಿ ಹೇಗೆ ವರ್ತಿಸುತ್ತದೆ, ಔಷಧಿಗಳು ಯಾವ ಅಡ್ಡಪರಿಣಾಮ ಉಂಟುಮಾಡುತ್ತವೆ ಹಾಗೂ ರೋಗಿಯು ಎಷ್ಟು ಕಾಲ ಬದುಕುತ್ತಾರೆ ಎಂಬ ವಿಷಯಗಳಲ್ಲಿ ಸ್ತ್ರೀಯರಿಗೂ ಪುರುಷರಿಗೂ ಗಣನೀಯ ವ್ಯತ್ಯಾಸಗಳಿರುವುದು ಕಂಡುಬಂದಿರುತ್ತದೆ. ಇವುಗಳಲ್ಲಿ ಕೆಲವು ಶರೀರ ಪ್ರಕೃತಿಗೆ ಸಂಬಂಧಿಸಿದವು. ಹೆಚ್ಚಿನವು ಸಂಸಾರ, ದುಡಿಮೆ, ಪ್ರಯಾಣ ಮತ್ತು ಮರ್ಯಾದೆಯ ಭಯಕ್ಕೆ ಸಂಬಂಧಿಸಿದವು. ಮಲೆನಾಡಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜನಜೀವನವನ್ನು ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.

ರಾಷ್ಟ್ರ ಮತ್ತು ರಾಜ್ಯದ ಸ್ಥಿತಿ

ಭಾರತದಲ್ಲಿ ಹೆಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು 1992ರಲ್ಲಿಯೂ, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯು 1997ರಲ್ಲಿಯೂ ಸ್ಥಾಪನೆಗೊಂಡವು. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಮನೆಮನೆಗಳಲ್ಲಿ ರಕ್ತದ ಮಾದರಿ ಸಂಗ್ರಹಿಸಿ ಪರೀಕ್ಷಿಸಲಾಯಿತು. ಅದರಂತೆ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣವು ಪುರುಷರಲ್ಲಿ ಶೇ. 0.36 ಮತ್ತು ಸ್ತ್ರೀಯರಲ್ಲಿ ಶೇ. 0.22 ಇದ್ದಿತು. ಕರ್ನಾಟಕದಲ್ಲಿ ಒಟ್ಟು ಶೇ. 0.69 ಇದ್ದು, ರಾಷ್ಟ್ರದ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ರಾಜ್ಯದೊಳಗೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮುಂತಾದ ಉತ್ತರದ ಜಿಲ್ಲೆಗಳಲ್ಲಿ ಹೊರೆ ಅಧಿಕವಾಗಿದ್ದು, ಮಲೆನಾಡಿನಲ್ಲಿ ಅಷ್ಟಾಗಿ ಇರಲಿಲ್ಲ. ಇದೇ ಕಾರಣದಿಂದ ನಮ್ಮ ಭಾಗದಲ್ಲಿ "ಇದು ಬಯಲುಸೀಮೆಯ ಕಾಯಿಲೆ" ಎಂಬ ಭಾವನೆ ಬಹುಕಾಲ ಉಳಿದುಕೊಂಡಿತು. ಸೋಂಕಿತರ ಸಂಖ್ಯೆ ಕಡಿಮೆ ಇರುವ ಊರಿನಲ್ಲಿ ಸೋಂಕಿತರು ಹೆಚ್ಚು ಒಂಟಿಯಾಗುತ್ತಾರೆ ಎಂಬುದನ್ನು ಇಲ್ಲಿಯೇ ಹೇಳಬೇಕಾಗಿದೆ.

2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದು, ಅವರ ಪೈಕಿ ಸ್ತ್ರೀಯರ ಪಾಲು ಶೇ. 45ರ ಆಸುಪಾಸಿನಲ್ಲಿದೆ. ಕರ್ನಾಟಕದಲ್ಲಿ ಸುಮಾರು 2.76 ಲಕ್ಷ ಸೋಂಕಿತರಿದ್ದು, ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ರಾಜ್ಯದ್ದಾಗಿತ್ತು. 2010ಕ್ಕೆ ಹೋಲಿಸಿದಲ್ಲಿ ದೇಶದಲ್ಲಿ ಏಡ್ಸ್ ಸಂಬಂಧಿತ ಮರಣಗಳು ಮುಕ್ಕಾಲು ಪಾಲು ಇಳಿದಿವೆ. ಆದರೆ ಈ ಇಳಿಕೆಯ ಪ್ರಯೋಜನವು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ 2023ರ ಅಂಕಿ ಅಂಶಗಳಂತೆ, ಪ್ರಪಂಚದಲ್ಲಿ ಸೋಂಕಿತ ವಯಸ್ಕ ಸ್ತ್ರೀಯರ ಪೈಕಿ ಶೇ. 83ರಷ್ಟು ಮಂದಿ ಚಿಕಿತ್ಸೆಯಲ್ಲಿದ್ದರೆ, ಪುರುಷರ ಪೈಕಿ ಶೇ. 72ರಷ್ಟು ಮಂದಿ ಮಾತ್ರ ಚಿಕಿತ್ಸೆಯಲ್ಲಿದ್ದರು. 2010ರಿಂದ ಮರಣಗಳ ಇಳಿಕೆಯು ಸ್ತ್ರೀಯರಲ್ಲಿ ಶೇ. 56 ಹಾಗೂ ಪುರುಷರಲ್ಲಿ ಶೇ. 47 ಆಗಿತ್ತು.

ದಾಖಲೆ ಪುಸ್ತಕವನ್ನು ಓದುವ ಕ್ರಮ

ಯಾವುದೇ ಚಿಕಿತ್ಸಾ ಕೇಂದ್ರದ ನೋಂದಣಿ ಪುಸ್ತಕದಲ್ಲಿ ಸ್ತ್ರೀಯರ ಸಂಖ್ಯೆ ಪುರುಷರಿಗೆ ಸಮನಾಗಿ ಅಥವಾ ಅಧಿಕವಾಗಿ ಕಂಡುಬಂದಲ್ಲಿ, ಸ್ತ್ರೀಯರಲ್ಲಿಯೇ ರೋಗ ಹೆಚ್ಚುತ್ತಿದೆ ಎಂದು ಅವಸರದಿಂದ ತೀರ್ಮಾನಿಸಬಾರದು. ನೋಂದಣಿ ಪುಸ್ತಕವು ಪತ್ತೆಯಾದವರ ಲೆಕ್ಕವೇ ಹೊರತು ಸೋಂಕಿತರ ಲೆಕ್ಕವಲ್ಲ. ಗರ್ಭಿಣಿಯಾದ ಪ್ರತಿಯೊಬ್ಬ ಸ್ತ್ರೀಗೂ ತಾಯಿ ಕಾರ್ಡ್ ಮಾಡಿಸುವ ಹಂತದಲ್ಲಿಯೇ ಹೆಚ್.ಐ.ವಿ. ಪರೀಕ್ಷೆಯ ಅವಕಾಶ ದೊರೆಯುತ್ತದೆ. ಪುರುಷನಿಗೆ ಅಂತಹ ನಿಯತವಾದ ಅವಕಾಶ ಯಾವುದೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು, ಕ್ಷಯರೋಗ ಪತ್ತೆಯಾದಾಗ ಅಥವಾ ರಕ್ತದಾನ ಮಾಡಿದಾಗ ಆತನಿಗೆ ಪರೀಕ್ಷೆಯಾಗುತ್ತದೆ. ಅನೇಕ ವೇಳೆ ಹಾಸಿಗೆ ಹಿಡಿದ ಮೇಲೆಯೇ ಆಗುತ್ತದೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸ್ತ್ರೀಯರ ಖಾತೆಯಲ್ಲಿ ಜಮೆಯಾದದ್ದು ಬೇಗನೆ ದಾಖಲಾಗುತ್ತದೆ. ಪುರುಷರ ಖಾತೆಯಲ್ಲಿ ವರ್ಷಗಟ್ಟಲೆ ಬಾಕಿ ಉಳಿದು, ಕೊನೆಗೆ ಒಮ್ಮೆಗೇ ನಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆಗೆ ಬಂದ ಮೇಲೆ ಮೃತಪಟ್ಟವರನ್ನು ಮಾತ್ರ ಎಣಿಸಿದರೆ, ಕೇಂದ್ರಕ್ಕೆ ಬರದೆಯೇ ತೀರಿಕೊಂಡವರು ಯಾವ ಪುಟದಲ್ಲಿಯೂ ಇರುವುದಿಲ್ಲ. ಆದುದರಿಂದ ಸ್ತ್ರೀ-ಪುರುಷರ ಅಂಕಿ ಅಂಶಗಳನ್ನು ಹೋಲಿಸುವಾಗ ನೋಂದಣಿಯಾದವರ ಸಂಖ್ಯೆಯ ಜೊತೆಗೆ, ಮೊದಲ ಭೇಟಿಯಲ್ಲಿದ್ದ ಸಿ.ಡಿ.4 ಕಣಗಳ ಪ್ರಮಾಣ, ನಡುವೆ ಚಿಕಿತ್ಸೆ ಬಿಟ್ಟವರ ಸಂಖ್ಯೆ ಮತ್ತು ವೈರಾಣು ಪ್ರಮಾಣ ಹತೋಟಿಗೆ ಬಂದವರ ಸಂಖ್ಯೆಯನ್ನೂ ಪ್ರತ್ಯೇಕವಾಗಿ ನೋಡತಕ್ಕದ್ದು.

ಮೊದಲು ಪತ್ತೆಯಾದವರ ಮೇಲೆ ಬರುವ ಅಪವಾದ

ಬೇಗನೆ ಪತ್ತೆಯಾಗುವುದು ಆರೋಗ್ಯದ ದೃಷ್ಟಿಯಿಂದ ಲಾಭವಾದರೂ, ಕುಟುಂಬದೊಳಗೆ ಅದೇ ಸ್ತ್ರೀಗೆ ಕಂಟಕವಾಗುವುದುಂಟು. ಹೆಂಡತಿಯ ವರದಿ ಮೊದಲು ಬಂದಿತು ಎಂಬ ಒಂದೇ ಕಾರಣದಿಂದ "ಕಾಯಿಲೆ ತಂದವಳು ಇವಳೇ" ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಇದು ಸಂಪೂರ್ಣವಾಗಿ ತಪ್ಪು ತರ್ಕ. ಪರೀಕ್ಷೆ ಯಾವಾಗ ಆಯಿತು ಎಂಬುದಕ್ಕೂ, ಸೋಂಕು ಯಾವಾಗ ತಗಲಿತು ಎಂಬುದಕ್ಕೂ ಸಂಬಂಧವಿಲ್ಲ. ಸೋಂಕು ತಗಲಿದ ನಂತರ ಎಂಟು, ಹತ್ತು ವರ್ಷಗಳವರೆಗೆ ಯಾವ ಲಕ್ಷಣವೂ ಇಲ್ಲದೆ ಇರಬಹುದಾಗಿದೆ. ಗಂಡನ ಪರೀಕ್ಷಾ ವರದಿಯಲ್ಲಿ ಸೋಂಕು ಇಲ್ಲವೆಂದು ಬರುವುದೂ ಉಂಟು. ಅಂತಹ ಸಂದರ್ಭದಲ್ಲಿಯೂ ಚಿಕಿತ್ಸೆಯ ಮುಂದೆ ಅಪವಾದದ ಮಾತಿಗೆ ಸ್ಥಾನವಿಲ್ಲ. ಸ್ತ್ರೀ-ಪುರುಷ ಸಂಪರ್ಕದಲ್ಲಿ ವೈರಾಣುವು ಪುರುಷನಿಂದ ಸ್ತ್ರೀಗೆ ದಾಟುವ ಸಂಭವವು, ಸ್ತ್ರೀಯಿಂದ ಪುರುಷನಿಗೆ ದಾಟುವ ಸಂಭವಕ್ಕಿಂತ ಸರಿಸುಮಾರು ಎರಡು ಪಟ್ಟು ಅಧಿಕವೆಂದು ಅಧ್ಯಯನಗಳು ತಿಳಿಸಿರುತ್ತವೆ.

ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಗಳಿಗೆ ತವರೂರಿನ ಆಸ್ಪತ್ರೆಯಲ್ಲಿ ವರದಿ ಬಂದಾಗ ತೊಡಕು ಇನ್ನೂ ಹೆಚ್ಚಾಗುತ್ತದೆ. ಗಂಡನ ಮನೆಗೆ ಹೇಳಬೇಕೋ ಬೇಡವೋ, ಮಾತ್ರೆಯನ್ನು ಎಲ್ಲಿಡಬೇಕು, ಬಾಣಂತನ ಮುಗಿದ ಮೇಲೆ ಔಷಧಿಯನ್ನು ಯಾವ ಕೇಂದ್ರದಿಂದ ಪಡೆಯಬೇಕು ಎಂಬ ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ. ಔಷಧಿಯ ಕೇಂದ್ರವನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಆಪ್ತಸಮಾಲೋಚಕರಲ್ಲಿ ಇದನ್ನು ಮುಂಚಿತವಾಗಿಯೇ ತಿಳಿಸಿದಲ್ಲಿ ಒಂದು ದಿನದ ಮಾತ್ರೆಯೂ ತಪ್ಪದಂತೆ ವ್ಯವಸ್ಥೆ ಮಾಡಲಾಗುತ್ತದೆ.

ಶರೀರ ಪ್ರಕೃತಿಯ ವ್ಯತ್ಯಾಸ

ಸೋಂಕಿನ ಆರಂಭದ ವರ್ಷಗಳಲ್ಲಿ ಸ್ತ್ರೀಯರ ರಕ್ತದಲ್ಲಿ ವೈರಾಣುವಿನ ಪ್ರಮಾಣವು ಪುರುಷರಿಗಿಂತ ಕಡಿಮೆ ಇರುತ್ತದೆ. ಅಮೆರಿಕೆಯಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದು ಪುರುಷರ ಸರಿಸುಮಾರು ಅರ್ಧದಷ್ಟಿದ್ದುದು ಕಂಡುಬಂದಿತು. ಹಾಗಾದರೆ ಸ್ತ್ರೀಯರಲ್ಲಿ ರೋಗ ನಿಧಾನವಾಗಿ ಬೆಳೆಯಬೇಕಿತ್ತು. ಆದರೆ ಹಾಗಾಗುವುದಿಲ್ಲ, ಕಡಿಮೆ ವೈರಾಣುವಿದ್ದರೂ ಅವರು ಪುರುಷರಷ್ಟೇ ವೇಗದಲ್ಲಿ ಏಡ್ಸ್ ಹಂತ ತಲುಪುತ್ತಾರೆ. ಸ್ತ್ರೀಯರ ರೋಗನಿರೋಧಕ ವ್ಯವಸ್ಥೆಯು ವೈರಾಣುವಿನ ವಿರುದ್ಧ ಹೆಚ್ಚು ತೀವ್ರವಾಗಿ ಹೋರಾಡುತ್ತದೆ. ಮೊದಲು ಈ ತೀವ್ರತೆಯೇ ವೈರಾಣುವನ್ನು ತಗ್ಗಿಸುತ್ತದೆ. ಹೋರಾಟ ವರ್ಷಗಟ್ಟಲೆ ನಿಲ್ಲದೆ ಮುಂದುವರಿದಾಗ ಅದೇ ತೀವ್ರತೆ ಶರೀರವನ್ನು ದಣಿಸುತ್ತದೆ.

ಇದು ಪ್ರಯೋಗಾಲಯದ ವಿಚಾರವಷ್ಟೇ ಎಂದು ತಿಳಿಯಬಾರದು. ಆ ಕಾಲದಲ್ಲಿ ಅಮೆರಿಕೆಯಲ್ಲಿ ವೈರಾಣುವಿನ ಪ್ರಮಾಣ ಇಂತಿಷ್ಟು ಮೀರಿದ ಮೇಲೆ ಔಷಧಿ ಆರಂಭಿಸುವ ಪದ್ಧತಿಯೂ ಇದ್ದಿತು. ಪುರುಷರ ಮೇಲೆ ನಡೆದ ಅಧ್ಯಯನಗಳಿಂದ ನಿಗದಿಯಾದ ಆ ಮಿತಿಯನ್ನು ಸ್ತ್ರೀಯರಿಗೂ ಅನ್ವಯಿಸಿದಾಗ, ಅವರಿಗೆ ಚಿಕಿತ್ಸೆ ತಡವಾಗಿ ದೊರೆಯುವ ಸಂಭವವಿತ್ತು. ಭಾರತದಲ್ಲಿ ಉಚಿತ ಚಿಕಿತ್ಸೆ ಆರಂಭವಾದಾಗ ಸಿ.ಡಿ.4 ಕಣಗಳ ಸಂಖ್ಯೆ 200ಕ್ಕಿಂತ ಕಡಿಮೆಯಾದವರಿಗೆ ಆದ್ಯತೆ ಇದ್ದಿತು. ನಂತರ ಈ ಮಿತಿಯನ್ನು ಹಂತಹಂತವಾಗಿ ಏರಿಸಲಾಯಿತು. 2017ರಿಂದ ಸಿ.ಡಿ.4 ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ನೀಡಲಾಗುತ್ತಿದೆ. ಇದರಿಂದ ಈ ಒಂದು ತಾರತಮ್ಯ ತಾನಾಗಿಯೇ ನಿವಾರಣೆಯಾಯಿತೆನ್ನಬಹುದು.

ಔಷಧಿಗಳ ಅಡ್ಡಪರಿಣಾಮ

2001ರಲ್ಲಿ ಭಾರತೀಯ ಕಂಪನಿಯಾದ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ ಸುಮಾರು 350 ಡಾಲರ್ ದರದಲ್ಲಿ ಒದಗಿಸುವುದಾಗಿ ಘೋಷಿಸಿದ ನಂತರ ಔಷಧಿಯ ಬೆಲೆ ಪ್ರಪಂಚದಾದ್ಯಂತ ಇಳಿಯಿತು. ಆದರೂ ನಮ್ಮ ಗ್ರಾಮೀಣ ಕುಟುಂಬಗಳಿಗೆ ಅದು ಎಟುಕುವಂತಿರಲಿಲ್ಲ. 2004ರ ಏಪ್ರಿಲ್ 1ರಂದು ಸರ್ಕಾರವು ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿತು; ಕರ್ನಾಟಕದಲ್ಲಿ ಮೊದಲ ಕೇಂದ್ರವಾದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಅದಕ್ಕೆ ಮುನ್ನ ಹಣ ಕೊಟ್ಟು ಔಷಧಿ ಕೊಳ್ಳಬೇಕಾಗಿದ್ದಾಗ, ಇಬ್ಬರಿಗೂ ಸೋಂಕಿರುವ ಮನೆಯಲ್ಲಿ ಒಬ್ಬರಿಗಾಗುವಷ್ಟೇ ಹಣವಿದ್ದರೆ ಗಂಡನಿಗೆ ಔಷಧಿ ಕೊಳ್ಳುವುದು, ಹೆಂಡತಿ ಕಾಯುವುದು ಎಂಬುದು ಸಾಮಾನ್ಯವಾಗಿದ್ದಿತು.

ಆ ದಿನಗಳ ಔಷಧಿಗಳಲ್ಲಿ ಸ್ಟಾವುಡಿನ್ ಎಂಬುದು ಕೈಕಾಲು, ಕೆನ್ನೆಗಳ ಕೊಬ್ಬನ್ನು ಕರಗಿಸಿ ಮುಖಚರ್ಯೆಯನ್ನೇ ಬದಲಿಸುತ್ತಿತ್ತು. ಇದರ ಅತಿ ಗಂಭೀರ ಪರಿಣಾಮವಾದ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚುವ ಸ್ಥಿತಿಯು ಸ್ತ್ರೀಯರಲ್ಲಿಯೇ ಅಧಿಕವಾಗಿ ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಈ ಔಷಧಿಯನ್ನು ಹಂತಹಂತವಾಗಿ ಕೈಬಿಡಲು ಸಲಹೆ ನೀಡಿತು. ನೆವಿರಪಿನ್ ಎಂಬ ಔಷಧಿಯಿಂದ ಚರ್ಮದ ಮೇಲೆ ದದ್ದು ಮತ್ತು ಯಕೃತ್ತಿನ ಊತ ಉಂಟಾಗುವ ಅಪಾಯವು ಸ್ತ್ರೀಯರಲ್ಲಿ ಸಿ.ಡಿ.4 ಸಂಖ್ಯೆ 250 ಮೀರಿದಾಗ ಮತ್ತು ಪುರುಷರಲ್ಲಿ 400 ಮೀರಿದಾಗ ಹೆಚ್ಚುತ್ತಿತ್ತು. ಒಂದೇ ಮಾತ್ರೆಗೆ ಸ್ತ್ರೀಯರಿಗೊಂದು, ಪುರುಷರಿಗೊಂದು ಮಿತಿ ಇದ್ದುದಕ್ಕೆ ಇದು ಉತ್ತಮ ಉದಾಹರಣೆ. ಜಿಡೋವುಡಿನ್ ರಕ್ತಹೀನತೆಯನ್ನು ಉಂಟುಮಾಡುತ್ತಿತ್ತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ಶೇ. 47.8 ಮಂದಿಗೆ ರಕ್ತಹೀನತೆ ಇದ್ದು, ಪುರುಷರಲ್ಲಿ ಇದು ಶೇ. 20ರ ಆಸುಪಾಸಿನಲ್ಲಿದೆ. ಮೊದಲೇ ರಕ್ತ ಕಡಿಮೆ ಇರುವವರಿಗೆ ಇಂತಹ ಔಷಧಿ ಎಷ್ಟು ತೊಂದರೆ ನೀಡಿರಬಹುದೆಂಬುದನ್ನು ಊಹಿಸಬಹುದು.

ಪ್ರಸ್ತುತ ಬಹುಪಾಲು ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆಯನ್ನು ದಿನಕ್ಕೊಮ್ಮೆ ನೀಡಲಾಗುತ್ತಿದೆ. ಹಿಂದಿನ ಔಷಧಿಗಳಿಗೆ ಹೋಲಿಸಿದರೆ ಇದು ಬಹಳ ಸೌಮ್ಯ. ಡೊಲುಟೆಗ್ರಾವಿರ್ ಕುರಿತಂತೆ 2018ರಲ್ಲಿ ಬೋಟ್ಸ್ವಾನಾ ದೇಶದಿಂದ ಒಂದು ಎಚ್ಚರಿಕೆ ಬಂದಿತು. ಗರ್ಭಧಾರಣೆಯ ಸಮಯದಲ್ಲಿ ಇದನ್ನು ಸೇವಿಸುತ್ತಿದ್ದವರ ಶಿಶುಗಳಲ್ಲಿ ನರನಾಳದ ದೋಷ ಸ್ವಲ್ಪ ಹೆಚ್ಚಿರಬಹುದೆಂಬ ಸಂಶಯವದು. ಹೆಚ್ಚಿನ ಗರ್ಭಿಣಿಯರ ಮಾಹಿತಿ ಕೂಡಿಬಂದಂತೆ ಆ ಸಂಶಯ ನಿವಾರಣೆಯಾಗಿರುತ್ತದೆ. 2019ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಗರ್ಭ ಧರಿಸುವ ವಯಸ್ಸಿನ ಸ್ತ್ರೀಯರೂ ಸೇರಿದಂತೆ ಎಲ್ಲರಿಗೂ ಇದನ್ನು ಶಿಫಾರಸು ಮಾಡಿತು. ಹಳೆಯ ಸುದ್ದಿಯನ್ನು ಕೇಳಿ ಯಾರೂ ಗರ್ಭಾವಸ್ಥೆಯಲ್ಲಿ ಮಾತ್ರೆ ನಿಲ್ಲಿಸಬಾರದು. ಈ ಔಷಧಿಯಿಂದ ತೂಕ ಹೆಚ್ಚುವುದುಂಟು. ದಕ್ಷಿಣ ಆಫ್ರಿಕದ ಅಧ್ಯಯನದಲ್ಲಿ ಇದು ಸ್ತ್ರೀಯರಲ್ಲಿ ಅಧಿಕವೆಂದು 2019ರಲ್ಲಿ ವರದಿಯಾಗಿದೆ. ತೂಕ, ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನು ಪ್ರತಿ ಭೇಟಿಯಲ್ಲಿ ನೋಡಿಸಿಕೊಳ್ಳುವುದು ಒಳಿತು.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯ ವಿಚಾರದಲ್ಲಿ ಗರ್ಭಿಣಿಯರು ವಿಶೇಷವಾಗಿ ಗಮನಿಸಬೇಕಾದದ್ದಿದೆ. ಇವುಗಳನ್ನು ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇವಿಸಿದರೆ ಡೊಲುಟೆಗ್ರಾವಿರ್ ಶರೀರಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದೊಡನೆ ಎರಡನ್ನೂ ಒಟ್ಟಿಗೆ ಸೇವಿಸಬಹುದು. ಇಲ್ಲವಾದಲ್ಲಿ ಎ.ಆರ್.ಟಿ. ಮಾತ್ರೆಯನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆಯ ನಂತರ ಸೇವಿಸತಕ್ಕದ್ದು. ಆಶಾ ಕಾರ್ಯಕರ್ತೆಯವರು ಕಬ್ಬಿಣದ ಮಾತ್ರೆ ಕೊಡುವಾಗ ಅವರಿಗೆ ಸೋಂಕಿನ ವಿಷಯ ತಿಳಿದಿರಬೇಕೆಂದೇನೂ ಇಲ್ಲ; ಸಮಯದ ಅಂತರವನ್ನು ತಾವೇ ಪಾಲಿಸಿದರೆ ಸಾಕು.

ಗರ್ಭಿಣಿ, ಬಾಣಂತಿ ಮತ್ತು ಶಿಶು

ಯಾವ ಚಿಕಿತ್ಸೆಯೂ ಇಲ್ಲದಿದ್ದಲ್ಲಿ ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಸೋಂಕು ತಗಲುವ ಸಂಭವ ಶೇ. 15ರಿಂದ 45ರವರೆಗೆ ಇರುತ್ತದೆ. ಚಿಕಿತ್ಸೆ ಕ್ರಮವಾಗಿ ನಡೆದಲ್ಲಿ ಇದನ್ನು ಶೇ. 5ಕ್ಕಿಂತ ಕೆಳಕ್ಕೆ ಇಳಿಸಬಹುದಾಗಿದೆ. ಹಿಂದೆ ಹೆರಿಗೆಯ ಸಮಯದಲ್ಲಿ ನೆವಿರಪಿನ್ ಔಷಧಿಯನ್ನು ಒಂದು ಬಾರಿ ಮಾತ್ರ ನೀಡಲಾಗುತ್ತಿತ್ತು. ಮಗುವನ್ನು ಕಾಪಾಡಲು ಇದು ಸ್ವಲ್ಪಮಟ್ಟಿಗೆ ಸಹಾಯಕವಾದರೂ ತಾಯಿಯ ಆರೋಗ್ಯಕ್ಕೆ ಇದರಿಂದ ಪ್ರಯೋಜನವಿರಲಿಲ್ಲ; ಬದಲಾಗಿ ಮುಂದೆ ಆಕೆಗೆ ಅದೇ ಗುಂಪಿನ ಔಷಧಿ ನಾಟದೆ ಹೋಗುವ ಅಪಾಯವಿತ್ತು. 2014ರಿಂದ ದೇಶಾದ್ಯಂತ ಸೋಂಕಿತ ಗರ್ಭಿಣಿಯರೆಲ್ಲರಿಗೂ ಜೀವನಪರ್ಯಂತ ಪೂರ್ಣ ಚಿಕಿತ್ಸೆ ನೀಡುವ ಕ್ರಮ ಜಾರಿಯಲ್ಲಿದೆ. ತಾಯಿಯನ್ನು ಮಗುವಿನ ರಕ್ಷಣೆಯ ಸಾಧನವೆಂದು ನೋಡುವ ಬದಲು ಆಕೆಯನ್ನೇ ರೋಗಿಯೆಂದು ಪರಿಗಣಿಸಿದ ಬದಲಾವಣೆಯಿದು.

ಆದಾಗ್ಯೂ, ಹೆರಿಗೆಯ ನಂತರದ ತಿಂಗಳುಗಳಲ್ಲಿಯೇ ಚಿಕಿತ್ಸೆ ಕೈಬಿಡುವವರು ಹೆಚ್ಚು. ಮಗುವಿನ ಆರೈಕೆ, ಬಾಣಂತಿ ಹೊರಗೆ ಹೋಗಬಾರದೆಂಬ ಪದ್ಧತಿ ಮತ್ತು ತವರಿನಿಂದ ಗಂಡನ ಮನೆಗೆ ಮರಳುವಿಕೆ ಇವೆಲ್ಲ ಒಂದೇ ಕಾಲಕ್ಕೆ ಬರುತ್ತವೆ. ಈ ಅವಧಿಯಲ್ಲಿ ಮಾತ್ರೆ ಬಿಟ್ಟಲ್ಲಿ ವೈರಾಣು ಹೆಚ್ಚಿ ಎದೆಹಾಲಿನ ಮೂಲಕ ಶಿಶುವಿಗೆ ತಗಲುವ ಅಪಾಯವಿದೆ. ಶಿಶುವಿಗೆ ಆರನೆಯ ವಾರದಲ್ಲಿ ಮೊದಲ ರಕ್ತಪರೀಕ್ಷೆಯೂ, 18ನೆಯ ತಿಂಗಳಿನಲ್ಲಿ ದೃಢೀಕರಣ ಪರೀಕ್ಷೆಯೂ ಆಗಬೇಕು.

ಗರ್ಭಕಂಠದ ಕ್ಯಾನ್ಸರ್ ಮತ್ತು ನಡುವಯಸ್ಸಿನ ತೊಂದರೆಗಳು

ಸೋಂಕಿತ ಸ್ತ್ರೀಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವವು ಇತರ ಸ್ತ್ರೀಯರಿಗಿಂತ ಸುಮಾರು ಆರು ಪಟ್ಟು ಅಧಿಕ. ಎ.ಆರ್.ಟಿ. ಮಾತ್ರೆಯನ್ನು ತಪ್ಪದೆ ಸೇವಿಸುತ್ತ, ವೈರಾಣು ಹತೋಟಿಯಲ್ಲಿದ್ದು, ತೂಕವೂ ಚೆನ್ನಾಗಿದ್ದ ಸ್ತ್ರೀಯು ತಪಾಸಣೆಯಿಲ್ಲದ ಈ ಒಂದು ಕಾಯಿಲೆಯಿಂದ ಪ್ರಾಣ ಕಳೆದುಕೊಳ್ಳುವುದು ಅತ್ಯಂತ ವಿಷಾದಕರ. ಸಾಮಾನ್ಯ ಸ್ತ್ರೀಯರಿಗೆ 30ನೆಯ ವಯಸ್ಸಿನಿಂದ ತಪಾಸಣೆ ಸೂಚಿಸಲಾಗುತ್ತದೆ; ಸೋಂಕಿತರು 25ನೆಯ ವಯಸ್ಸಿನಿಂದಲೇ ಮಾಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ನೋಡುವ ಪರೀಕ್ಷೆಯು ಕೆಲವೇ ನಿಮಿಷಗಳದ್ದಾಗಿದ್ದು, ನೋವು ಇರುವುದಿಲ್ಲವೆಂದೇ ಹೇಳಬಹುದು. ಬಿಳಿಸೆರಗು, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡಲ್ಲಿ, "ವಯಸ್ಸಿನ ಉಷ್ಣ" ಎಂದು ಸುಮ್ಮನಿರದೆ ಕೂಡಲೇ ತೋರಿಸಿಕೊಳ್ಳತಕ್ಕದ್ದು.

ಚಿಕಿತ್ಸೆಯ ಫಲವಾಗಿ ಸೋಂಕಿತರು ದೀರ್ಘಕಾಲ ಬದುಕುತ್ತಿರುವುದರಿಂದ ಮೂಳೆ ಮತ್ತು ಹೃದಯದ ತೊಂದರೆಗಳೂ ಮುನ್ನೆಲೆಗೆ ಬಂದಿವೆ. ಮುಟ್ಟು ನಿಂತ ನಂತರ ಮೂಳೆ ಸವೆತ ಹೇಗೂ ಹೆಚ್ಚುತ್ತದೆ. ಟೆನೊಫೊವಿರ್ ಔಷಧಿಯೂ ಮೂಳೆಯ ಸಾಂದ್ರತೆಯನ್ನು ಸ್ವಲ್ಪ ತಗ್ಗಿಸುತ್ತದೆ. ಸಾಮಾನ್ಯವಾಗಿ ಸ್ತ್ರೀಯರಿಗೆ ಹೃದ್ರೋಗದ ವಿಷಯದಲ್ಲಿ ಪುರುಷರಿಗಿಂತ ಇರುವ ರಕ್ಷಣೆಯು ಹೆಚ್.ಐ.ವಿ. ಸೋಂಕಿತರಲ್ಲಿ ಬಹುಮಟ್ಟಿಗೆ ಕುಗ್ಗುತ್ತದೆ.

ಪುರುಷರ ಸ್ಥಿತಿ

ಮೇಲ್ಕಂಡ ವಿವರಗಳಿಂದ ಸ್ತ್ರೀಯರಿಗೇ ಅಪಾಯ ಹೆಚ್ಚೆಂದು ತೋರಬಹುದು. ಆದರೆ ಸಾವಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಭಾರತದ ವಿವಿಧ ಎ.ಆರ್.ಟಿ. ಕೇಂದ್ರಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳಲ್ಲಿ ಪುರುಷರು ಕಡಿಮೆ ಸಿ.ಡಿ.4 ಸಂಖ್ಯೆಯೊಂದಿಗೆ ತಡವಾಗಿ ಬರುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಮತ್ತು ಮೃತಪಡುವುದು ಸ್ತ್ರೀಯರಿಗಿಂತ ಅಧಿಕವೆಂದು ಮತ್ತೆ ಮತ್ತೆ ಕಂಡುಬಂದಿರುತ್ತದೆ. ಆಫ್ರಿಕದ ದೇಶಗಳಲ್ಲಿಯೂ ಇದೇ ಸ್ಥಿತಿ ಇದೆ. ತಡವಾಗಿ ಬರುವುದೇ ಇದಕ್ಕೆ ಮುಖ್ಯ ಕಾರಣ. ಪೂರ್ಣ ಕಾರಣ ಮಾತ್ರ ಅದಲ್ಲ. ಸೋಂಕಿತರಲ್ಲಿ ಸಾವಿಗೆ ಪ್ರಮುಖ ಕಾರಣವಾದ ಕ್ಷಯರೋಗವು ದೇಶದಲ್ಲಿ ಪುರುಷರಲ್ಲಿಯೇ ಎರಡು ಪಟ್ಟಿಗಿಂತ ಹೆಚ್ಚಾಗಿದೆ. 2019-21ರ ಸಮೀಕ್ಷೆಯಂತೆ ದೇಶದ ಪುರುಷರಲ್ಲಿ ಶೇ. 38 ಮಂದಿ ತಂಬಾಕನ್ನೂ, ಸುಮಾರು ಶೇ. 19 ಮಂದಿ ಮದ್ಯವನ್ನೂ ಬಳಸುತ್ತಿದ್ದು, ಸ್ತ್ರೀಯರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 9 ಮತ್ತು ಶೇ. 1ರ ಆಸುಪಾಸಿನಲ್ಲಿದೆ. ಮದ್ಯ ಸೇವಿಸಿದ ರಾತ್ರಿ ಮಾತ್ರೆ ಮರೆಯುವುದು, "ಕುಡಿದ ಮೇಲೆ ಮಾತ್ರೆ ತೆಗೆದುಕೊಳ್ಳಬಾರದು" ಎಂದು ತಾನೇ ತೀರ್ಮಾನಿಸಿ ಬಿಡುವುದು ಸಾಮಾನ್ಯವಾಗಿದೆ. ಕುಡಿಯದಿರುವುದೇ ಉತ್ತಮ, ಆದರೆ ಕುಡಿದ ದಿನವೂ ಎ.ಆರ್.ಟಿ. ಮಾತ್ರೆಯನ್ನು ತಪ್ಪಿಸಬಾರದು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಕಂಡಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಸೋಂಕಿತರಲ್ಲಿ ಇವುಗಳಲ್ಲಿ ಯಾವುದೇ ಒಂದು ಲಕ್ಷಣವಿದ್ದರೂ ಎರಡು ವಾರ ಕಾಯುವ ಅಗತ್ಯವಿಲ್ಲ. ಕ್ಷಯರೋಗದ ರಿಫಾಂಪಿಸಿನ್ ಔಷಧಿ ಆರಂಭವಾದಾಗ ಡೊಲುಟೆಗ್ರಾವಿರ್ ಪ್ರಮಾಣವನ್ನು ದಿನಕ್ಕೆ ಎರಡು ಬಾರಿಗೆ ಹೆಚ್ಚಿಸಬೇಕಾಗುತ್ತದೆ. ಆದುದರಿಂದ ಎರಡೂ ಕಡೆಯ ವೈದ್ಯರಿಗೆ ಎರಡೂ ಚಿಕಿತ್ಸೆಯ ವಿಷಯ ತಿಳಿದಿರಲೇಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರೂ ಇದನ್ನು ತಿಳಿಸತಕ್ಕದ್ದು.

ತೃತೀಯ ಲಿಂಗಿಗಳ ವಿಷಯವನ್ನು ಸ್ತ್ರೀ-ಪುರುಷ ಎಂಬ ಎರಡೇ ಅಂಕಣಗಳಲ್ಲಿ ಸೇರಿಸಲಾಗದು. ಹಾರ್ಮೋನು ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸಿ ಚಿಕಿತ್ಸೆ ಪಡೆಯುವುದು ಅಗತ್ಯ.

ಮಲೆನಾಡಿನ ವಿಶೇಷ ಸಂದರ್ಭಗಳು

ಈ ಮೂರು ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ತಾಲ್ಲೂಕು ಕೇಂದ್ರದಿಂದಲೇ 60ರಿಂದ 75 ಕಿ.ಮೀ. ದೂರವಿದೆ. ಒಳಗಿನ ಹಳ್ಳಿಗಳಿಂದ ಮುಖ್ಯರಸ್ತೆಗೆ ಬರುವ ದಾರಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಒಂದು ದಿನದ ಆಸ್ಪತ್ರೆ ಭೇಟಿ ಎಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಭಾಗದವರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯು 2025ರ ಜುಲೈ 14ರಂದು ಲೋಕಾರ್ಪಣೆಗೊಂಡ ನಂತರ ಈ ತೊಂದರೆ ನೀಗಿದೆ. ರಾಜ್ಯ ಸರ್ಕಾರವು 2023ರ ಜೂನ್ 11ರಂದು ಜಾರಿಗೊಳಿಸಿದ ಶಕ್ತಿ ಯೋಜನೆಯಿಂದ ಸ್ತ್ರೀಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದರೆ ನಮ್ಮ ಭಾಗದ ಅನೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಆದುದರಿಂದ, ಹಳ್ಳಿಯಿಂದ ತಾಲ್ಲೂಕು ಕೇಂದ್ರದವರೆಗಿನ ಟಿಕೆಟ್ ಖರ್ಚು ಹಲವರಿಗೆ ಉಳಿದೇ ಇದೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ ತೆಗೆಯುವ ಪುರುಷರಿಗೂ, ರಾತ್ರಿ ಬಹು ಹೊತ್ತಿನವರೆಗೆ ಕುಳಿತು ಅಡಿಕೆ ಸುಲಿಯುವ ಸ್ತ್ರೀಯರಿಗೂ ಬಿಡುವಿರುವುದಿಲ್ಲ. ವರ್ಷದ ದುಡಿಮೆಯ ದೊಡ್ಡ ಪಾಲು ಇದೇ ತಿಂಗಳುಗಳದ್ದು. ಮಾತ್ರೆ ತರುವ ದಿನಾಂಕ ತಪ್ಪುವುದೂ ಇದೇ ತಿಂಗಳುಗಳಲ್ಲಿ. ವೈರಾಣು ಹತೋಟಿಯಲ್ಲಿದ್ದು ಆರೋಗ್ಯ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆಯನ್ನು ಒಮ್ಮೆಗೇ ನೀಡಲು ಅವಕಾಶವಿದೆ. ಸುಗ್ಗಿಗೆ ಮೊದಲೇ ಇದನ್ನು ಕೇಳಿ ಪಡೆಯಬಹುದು. ಸುಲಿಯುವ ಚಪ್ಪರದಲ್ಲಿ ಎಲ್ಲರೆದುರು ಮಾತ್ರೆ ನುಂಗಲು ಸಂಕೋಚವಾಗುವವರು ಸೇವನೆಯ ಸಮಯವನ್ನು ರಾತ್ರಿಯಿಂದ ಬೆಳಿಗ್ಗೆಗೆ ಬದಲಿಸಿಕೊಳ್ಳುವ ಬಗ್ಗೆ ವೈದ್ಯರನ್ನು ವಿಚಾರಿಸಬಹುದು. ಬೆಂಗಳೂರಿನ ಅಥವಾ ಘಟ್ಟದ ಕೆಳಗಿನ ಹೋಟೆಲುಗಳಿಗೆ ಕೆಲಸಕ್ಕೆ ಹೋಗುವ ಪುರುಷರು ಔಷಧಿ ಪುಸ್ತಕವನ್ನು ಜೊತೆಯಲ್ಲಿ ಒಯ್ಯತಕ್ಕದ್ದು.

ಜ್ವರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮಂಗನ ಕಾಯಿಲೆಯು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಗುರುತಿಸಲ್ಪಟ್ಟು, ಈ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದರಿಂದ ಜೀವಹಾನಿಯಾಯಿತು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ದರಕು, ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವವರಿಗೆ ಉಣ್ಣೆಹುಳುಗಳ ಮೂಲಕ ತಗಲುತ್ತದೆ. ಹೆಚ್.ಐ.ವಿ. ಸೋಂಕಿತರು ಈ ಅವಧಿಯಲ್ಲಿ ಬರುವ ಜ್ವರವನ್ನು "ಹಳೆಯ ಕಾಯಿಲೆಯದ್ದೇ" ಎಂದು ಭಾವಿಸಿ ಮನೆಯಲ್ಲಿ ಉಳಿಯಬಾರದು; ಕಾಡಿಗೆ ಹೋಗಿದ್ದುದನ್ನೂ ವೈದ್ಯರಿಗೆ ತಿಳಿಸಬೇಕು. ಅಂತೆಯೇ ನಾಟಿ ಔಷಧ ಪಡೆಯುವವರು, ಅದಕ್ಕಾಗಿ ಎ.ಆರ್.ಟಿ. ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬಾರದು.

ಕಾನೂನಿನ ರಕ್ಷಣೆ ಮತ್ತು ನೆರವು

ಹೆಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10-9-2018ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವುದು, ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಾಸದ ವಿಷಯದಲ್ಲಿ ತಾರತಮ್ಯ ಮಾಡುವುದು ನಿಷಿದ್ಧ. ಸಂಗಾತಿಗೆ ಅಪಾಯವಿದ್ದಾಗ, ಸೂಕ್ತ ಸಮಾಲೋಚನೆಯ ನಂತರ ವೈದ್ಯರು ಸಂಗಾತಿಗೆ ತಿಳಿಸಲು ಅಧಿನಿಯಮದ 9ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದರೆ ಹಾಗೆ ತಿಳಿಸುವುದರಿಂದ, ಅದರಲ್ಲೂ ಸ್ತ್ರೀಯರಿಗೆ, ಹಿಂಸೆ ಅಥವಾ ಮನೆಯಿಂದ ಹೊರಹಾಕಲ್ಪಡುವ ಭಯವಿದ್ದಲ್ಲಿ ತಿಳಿಸತಕ್ಕದ್ದಲ್ಲವೆಂದು ಅದೇ ಪ್ರಕರಣವು ವಿಧಿಸಿದೆ. ಇದನ್ನು ಬಹಳ ಮಂದಿ ಅರಿತಿಲ್ಲ. ಗಂಡ ತೀರಿಕೊಂಡ ನಂತರ ಸೊಸೆಯನ್ನು ಮನೆಯಿಂದ ಕಳುಹಿಸುವ ಪ್ರಸಂಗಗಳಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಅಧಿನಿಯಮ, 2005ರ ಅನ್ವಯ ಆಕೆಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕಿರುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಸ್ತ್ರೀಯರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ.

ಸೋಂಕಿತ ಸ್ತ್ರೀಯರ ಸ್ವಂತ ಉದ್ಯೋಗಕ್ಕಾಗಿ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದ್ದು, ಅರ್ಜಿ ಮತ್ತು ಷರತ್ತುಗಳ ವಿವರವನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಗಂಡನ ಮರಣದ ಕಾರಣವನ್ನು ಬರೆಯುವ ಅಗತ್ಯವಿಲ್ಲ, ಮರಣ ಪ್ರಮಾಣಪತ್ರ ಸಾಕು.

ಎಲ್ಲಿ ಸಂಪರ್ಕಿಸಬೇಕು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆ ಉಚಿತವಾಗಿದ್ದು, ವಿವರಗಳನ್ನು ಗೋಪ್ಯವಾಗಿಡಲಾಗುತ್ತದೆ. ಎ.ಆರ್.ಟಿ. ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯನ್ನು ಸಂಪರ್ಕಿಸುವುದು. ಹೆಂಡತಿಯ ಗರ್ಭಿಣಿ ತಪಾಸಣೆಗೆ ಜೊತೆಯಲ್ಲಿ ಬರುವ ಪುರುಷರು ಅದೇ ದಿನ ತಾವೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಇದಕ್ಕೆ ಪ್ರತ್ಯೇಕ ಚೀಟಿಯ ಹೊರತು ಬೇರೇನೂ ಬೇಕಾಗುವುದಿಲ್ಲ. ದೂರವಾಣಿಯ ಮೂಲಕ ಮಾಹಿತಿ ಬಯಸುವವರು ಉಚಿತ ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದಾಗಿದ್ದು, ಕರೆ ಮಾಡುವವರು ತಮ್ಮ ಹೆಸರು ಹೇಳಬೇಕಾಗಿಲ್ಲ.